ಕಡಿಮೆ ಓಡಿದ ಕಾರೋ, ದಾಖಲೆ ಇರುವ ಕಾರೋ?

ಪ್ರಶ್ನೆ

ನಮಸ್ಕಾರ. ಎರಡು ತಿಂಗಳಿಂದ ಸೆಕೆಂಡ್ ಹ್ಯಾಂಡ್ ಕಾರು ಹುಡುಕುತ್ತಿದ್ದು, ಕೊನೆಗೆ ಎರಡರ ನಡುವೆ ಸಿಕ್ಕಿಕೊಂಡಿದ್ದೇನೆ. ಎರಡೂ ಒಂದೇ ಮಾದರಿಯ ಪೆಟ್ರೋಲ್ ಕಾರುಗಳು, ಎರಡಕ್ಕೂ ಎಂಟು ವರ್ಷ. ಮೊದಲನೆಯದರ ಮೀಟರಿನಲ್ಲಿರುವುದು 28,000 ಕಿ.ಮೀ. ಮಾತ್ರ, ಬಾನೆಟ್ ಎತ್ತಿದರೆ ಎಂಜಿನ್ ಬೆಳಗಿಟ್ಟ ಪಾತ್ರೆಯಂತೆ ಹೊಳೆಯುತ್ತದೆ, ಆದರೆ ಮೊದಲ ಮೂರು ವರ್ಷಗಳ ಬಳಿಕ ಸರ್ವಿಸ್ ಮಾಡಿಸಿದ್ದಕ್ಕೆ ಒಂದು ಚೀಟಿಯೂ ಇಲ್ಲ. ಎರಡನೆಯದು 96,000 ಕಿ.ಮೀ. ಓಡಿದೆ, ಬಾಗಿಲ ಮೇಲೆ ಗೀರುಗಳಿವೆ, ಸೀಟಿನ ಬಟ್ಟೆ ಮಾಸಿದೆ, ಆದರೆ ಅದರ ಮಾಲೀಕರು ಪ್ರತಿಯೊಂದು ಬಿಲ್ಲನ್ನೂ ದಿನಾಂಕವಾರು ಜೋಡಿಸಿ ಫೈಲು ಮಾಡಿಟ್ಟಿದ್ದಾರೆ. ಮನೆಯವರೆಲ್ಲ ಮೊದಲನೆಯದರ ಕಡೆ ವಾಲಿದ್ದಾರೆ. ಕಡಿಮೆ ಓಡಿದ್ದರೆ ಕಡಿಮೆ ಸವೆದಿರಬೇಕಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಕಡಿಮೆ ಸವೆದಿರಬೇಕೆನ್ನುವುದು ಸರಿಯೇ, ಆದರೆ ಕಾರು ಓಡಿ ಹಾಳಾಗುವಂತೆ ನಿಂತೂ ಹಾಳಾಗುತ್ತದೆ. 28,000ವನ್ನು ಎಂಟು ವರ್ಷಗಳಿಗೆ ಹಂಚಿ ನೋಡಿ. ವರ್ಷಕ್ಕೆ 3,500, ಅಂದರೆ ದಿನಕ್ಕೆ ಹತ್ತು ಕಿ.ಮೀ. ಕೂಡ ಇಲ್ಲ. ಆ ಕಾರು ದಿನಾ ನಾಲ್ಕಾರು ಕಿ.ಮೀ. ಓಡುತ್ತಿದ್ದಿದ್ದರೆ ಅದು ಎಂಜಿನ್ನಿಗೆ ಬಹಳ ಕೆಟ್ಟ ಬಳಕೆ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾಯುವಷ್ಟು ಓಡಿಸಿದರೆ ಅದು ಹೊರಗೆ ಹೋಗುತ್ತದೆ, ಕಾಯುವ ಮೊದಲೇ ನಿಲ್ಲಿಸಿದರೆ ಒಂದಿಷ್ಟು ಸೈಲೆನ್ಸರಿನಲ್ಲಿ ಉಳಿದು ಅದನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಒಂದಿಷ್ಟು ಆಯಿಲ್ ಜೊತೆ ಬೆರೆಯುತ್ತದೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕಳೆದುಕೊಂಡದ್ದು ಮರಳಿ ತುಂಬುವಷ್ಟು ಹೊತ್ತೂ ಕಾರು ಓಡಿರುವುದಿಲ್ಲ.

ಇನ್ನು ದ್ರವಗಳ ಮಾತು. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ತೇವ ಹೆಚ್ಚಿದಂತೆ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಆದ್ದರಿಂದ ಕಾರು ನಿಂತೇ ಇದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಎಂಜಿನ್ ತಣಿಸುವ ದ್ರವವಾದ ಕೂಲಂಟ್‌ನಲ್ಲಿರುವ ತುಕ್ಕು ತಡೆಯುವ ಅಂಶವೂ ಕಾಲ ಕಳೆದಂತೆ ಕ್ಷೀಣಿಸುತ್ತದೆ. ಐದು ವರ್ಷ ಇವನ್ನು ಯಾರೂ ಮುಟ್ಟಿಲ್ಲವೆಂದಾದರೆ ಮೀಟರಿನ ಅಂಕಿಗೆ ನಾನಾದರೆ ಹೆಚ್ಚು ಬೆಲೆ ಕೊಡುವುದಿಲ್ಲ.

ಉತ್ತರ 2

ನಾನು ಇದೇ ತಪ್ಪು ಮಾಡಿ ಕಲಿತವನು. 22,000 ಕಿ.ಮೀ. ಓಡಿದ ಕಾರೆಂದು ಹಿಗ್ಗಿ ಕೊಂಡೆ. ಟೈರುಗಳ ಟ್ರೆಡ್ (ನೆಲಕ್ಕೆ ತಾಗುವ ಮೇಲ್ಮೈಯ ತೋಡುಗಳು) ನೋಡಿದರೆ ಹೊಸದರಷ್ಟೇ ಆಳವಿತ್ತು. ಮೊದಲ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಕಾರು ನಾನು ಅಂದುಕೊಂಡ ಜಾಗವನ್ನು ದಾಟಿ ಜಾರಿಕೊಂಡು ಹೋಗಿ ನಿಂತಿತು. ಆಮೇಲೆ ಉಗುರಿನಿಂದ ಒತ್ತಿ ನೋಡಿದರೆ ರಬ್ಬರು ಮರದಂತೆ ಗಟ್ಟಿಯಾಗಿತ್ತು, ಪಕ್ಕದ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 2316 ಎಂದಿದ್ದರೆ 2016ರ 23ನೇ ವಾರ. ಆರು ವರ್ಷ ದಾಟಿದ ಟೈರನ್ನು ಬದಲಿಸಿರೆಂದು ಹಲವು ಕಾರು ತಯಾರಕರು ಹೇಳುತ್ತಾರೆ, ಟ್ರೆಡ್ ಎಷ್ಟೇ ಉಳಿದಿರಲಿ. ಅಂಕಿಗಳು ಕೆಲವೊಮ್ಮೆ ಟೈರಿನ ಒಳಮುಖದಲ್ಲಿರುತ್ತವೆ, ಬಗ್ಗಿ ನೋಡಬೇಕಾದೀತು.

ಉತ್ತರ 3

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು: ಫೈಲು ದಪ್ಪಗಿದೆಯೆಂದು ಮರುಳಾಗಬೇಡಿ. ಬಿಲ್ಲುಗಳಲ್ಲಿ ಆಯಿಲ್ ಮತ್ತು ಫಿಲ್ಟರ್ ಬಿಟ್ಟರೆ ಬೇರೇನೂ ಇಲ್ಲದಿರಬಹುದು. 96,000ಕ್ಕೆ ಬಂದ ಕಾರಿನಲ್ಲಿ ಕ್ಲಚ್, ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರಿನ ಬುಷ್‌ಗಳು, ಶಾಕ್ ಅಬ್ಸಾರ್ಬರ್‌ಗಳು ಸವೆದಿರುವ ಸಂಭವ ಹೆಚ್ಚು. ಎಂಜಿನ್‌ನಲ್ಲಿ ಪಿಸ್ಟನ್ ಮತ್ತು ವಾಲ್ವ್‌ಗಳ ಚಲನೆಯನ್ನು ಹೊಂದಿಸಲು ಚೈನಿನ ಬದಲು ಟೈಮಿಂಗ್ ಬೆಲ್ಟ್ ಇದ್ದರೆ ಅದನ್ನು ಬದಲಿಸಿದ ಬಿಲ್ಲು ಇದೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು, ಏಕೆಂದರೆ ಅನೇಕ ಎಂಜಿನ್‌ಗಳಲ್ಲಿ ಆ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗಳಿಗೆ ಬಡಿಯುತ್ತದೆ. ಬೆಲ್ಟಿಗೆ ಕಿ.ಮೀ. ಜೊತೆಗೆ ವರ್ಷದ ಗಡುವೂ ಇರುತ್ತದೆ; ಹಾಗಾಗಿ ಮೊದಲನೆಯ ಕಾರಿಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ.

ಆ ಹೊಳೆಯುವ ಎಂಜಿನ್ ವಿಷಯ. ನನಗೆ ಒಣ ಧೂಳು ಕೂತ ಎಂಜಿನ್ ಮೇಲೆಯೇ ಹೆಚ್ಚು ನಂಬಿಕೆ. ಆಯಿಲ್ ಜಿನುಗಿದಲ್ಲೆಲ್ಲ ಧೂಳು ಅಂಟಿ ಕಪ್ಪಗೆ ಹೆಪ್ಪುಗಟ್ಟಿರುತ್ತದೆ, ಕಣ್ಣಿಗೆ ತಾನಾಗಿ ಬೀಳುತ್ತದೆ. ತೊಳೆದು ಪಾಲಿಶ್ ಹಾಕಿದರೆ ಆ ಗುರುತೆಲ್ಲ ಹೋಗುತ್ತದೆ. ಮೋಸಕ್ಕೇ ತೊಳೆದಿದ್ದಾರೆಂದು ಹೇಳುತ್ತಿಲ್ಲ, ಮಾರುವವರು ತೊಳೆಯುವುದು ಸಹಜ. ಅರ್ಧ ಗಂಟೆ ಓಡಿಸಿ ತಂದು, ನೆಲಕ್ಕೆ ಹಳೆಯ ರಟ್ಟು ಹಾಸಿ, ಹತ್ತು ನಿಮಿಷ ನಿಲ್ಲಿಸಿ, ಆಯಿಲ್ ತೊಟ್ಟಿಕ್ಕುತ್ತದೆಯೇ ನೋಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡುವುದನ್ನು ಮರೆಯಬೇಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿದ್ದಾರೆ, ತಣ್ಣನೆಯ ಎಂಜಿನ್ನಿನ ಸದ್ದೂ ಹೊಗೆಯೂ ನಿಮಗೆ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಎರಡನ್ನೂ ಮತ್ತೆ ನೋಡಿ ಬಂದೆ. ಮೊದಲನೆಯದರ ನಾಲ್ಕೂ ಟೈರುಗಳು ಕಾರಿನ ಜೊತೆಗೇ ಬಂದವು, ಎಂಟು ವರ್ಷ ಹಳೆಯವು. ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿದ್ದುದು ತುಕ್ಕು ಬಣ್ಣದ ನೀರು. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯ ನೊರೆಯಂಥದ್ದು ಅಂಟಿತ್ತು. ಎಂಜಿನ್ನಿನೊಳಗೆ ಕೂಲಂಟ್ ಮತ್ತು ಆಯಿಲ್ ಬೆರೆಯದಂತೆ ತಡೆಯುವ ಗ್ಯಾಸ್ಕೆಟ್ ಹೋಗಿದ್ದರೂ ಹೀಗಾಗಬಹುದು, ಬರೀ ಚಿಕ್ಕ ಓಡಾಟದ ತೇವವೂ ಇರಬಹುದು, ಬಿಚ್ಚದೆ ಹೇಳಲಾಗದು ಎಂದರು ಮೆಕ್ಯಾನಿಕ್. ಬಿಚ್ಚಲು ಮಾಲೀಕರು ಒಪ್ಪಲಿಲ್ಲ.

ಎರಡನೆಯದರ ಫೈಲಿನಲ್ಲಿ 78,000ಕ್ಕೆ ಬೆಲ್ಟ್ ಮತ್ತು ವಾಟರ್ ಪಂಪ್ ಒಟ್ಟಿಗೆ ಬದಲಿಸಿದ ಬಿಲ್ಲು ಸಿಕ್ಕಿತು. ಕ್ಲಚ್ ಮಾತ್ರ ಪೆಡಲ್ ಬಹಳ ಮೇಲೆ ಬಂದ ಮೇಲಷ್ಟೇ ಹಿಡಿಯುತ್ತಿದೆ, ಅಂದರೆ ಸವೆದಿದೆ, ಮುಂದಿನ ಒಂದು ಬುಷ್ ಸೀಳಿದೆ. ಇವೆರಡರ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಡಲು ಅವರು ಚೌಕಾಸಿಯಿಲ್ಲದೆ ಒಪ್ಪಿದ್ದರಿಂದ ಮುಂಗಡ ಕೊಟ್ಟು ಬಂದೆ. ಬಾಗಿಲ ಗೀರುಗಳು ಪಾಲಿಶ್‌ಗೆ ಹೋಗುತ್ತವೆಯೇ?

ಉತ್ತರ 1 ಬರೆದವರಿಂದ

ಗೀರಿಗೆ ಅಡ್ಡಲಾಗಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲಿನ ಪಾರದರ್ಶಕ ಪದರದಲ್ಲೇ ಇದೆ, ಪಾಲಿಶ್‌ಗೆ ಬಹುಮಟ್ಟಿಗೆ ಹೋಗುತ್ತದೆ. ಸಿಕ್ಕಿಕೊಂಡರೆ ಪಾಲಿಶ್‌ಗೆ ಹೋಗದು, ಬಣ್ಣವನ್ನೇ ಹಚ್ಚಿಸಬೇಕು. ಲೋಹ ಕಾಣುತ್ತಿದ್ದರೆ ತಡಮಾಡಬೇಡಿ, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಕಾರು ಮನೆಗೆ ಬಂದ ಮೇಲೆ ತೊಳೆಯುವಾಗ ಮೊದಲು ಬರೀ ನೀರು ಹರಿಸಿ ಮಣ್ಣು ಇಳಿಸಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ.