ಸಹಾಯ ಬೇಕು: ಕೋಬ್ರಾ ರೆಪ್ಲಿಕಾ ಕಿಟ್ ಕಾರಿನ ಸ್ಟೀರಿಂಗ್ ಎಳೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಹಳೆಯ ಕೋಬ್ರಾ ಸ್ಪೋರ್ಟ್ಸ್ ಕಾರಿನ ನಕಲು ಇದು, ಬಿಡಿಭಾಗಗಳ ಕಿಟ್ ತಂದು ಮೂರು ವರ್ಷ ಕೂತು ನಾನೇ ಜೋಡಿಸಿದ್ದು. ಈಗ ಸ್ಟೀರಿಂಗ್ ಕಾಟ ಕೊಡುತ್ತಿದೆ. ನಯವಾದ ರಸ್ತೆಯಲ್ಲಿ ನೆಟ್ಟಗೆ ಹೋಗುತ್ತದೆ. ಸಣ್ಣ ಉಬ್ಬು ಸಿಕ್ಕರೆ ಸಾಕು, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡ ಹಾಗೆ ಒಂದು ಕಡೆ ಎಳೆಯುತ್ತದೆ. ತಿರುವು ಮುಗಿದ ಮೇಲೆ ತಾನಾಗಿ ಮಧ್ಯಕ್ಕೂ ಬರುವುದಿಲ್ಲ.

ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ವೀಲ್ ಬೇರಿಂಗ್ ಯಾವುದರಲ್ಲೂ ಪ್ಲೇ (ಸಡಿಲ ಅಲುಗಾಟ) ಇಲ್ಲ. ಟೈರ್ ಗಾಳಿ, ಅಲೈನ್‌ಮೆಂಟ್ ಸರಿ ಇದೆ.

ನಿನ್ನೆ ಮುಂದಿನ ಸ್ಪ್ರಿಂಗ್ ಬಿಚ್ಚಿ, ಚಕ್ರ ಕೂರುವ ಹಬ್‌ಗೆ ನೇರವಾದ ಹಲಗೆ ಕಟ್ಟಿ, ಸ್ಟೀರಿಂಗ್ ಲಾಕ್ ಮಾಡಿ, ಜಾಕ್‌ನಿಂದ ನಿಧಾನವಾಗಿ ಎತ್ತಿದೆ. 50 ಮಿ.ಮೀ. ಮೇಲೆ ಹೋಗುವಷ್ಟರಲ್ಲಿ ಹಲಗೆಯ ಮುಂದಿನ ತುದಿ 6 ಮಿ.ಮೀ. ಹೊರಗೆ ಸರಿಯಿತು. ಇದು ಬಂಪ್ ಸ್ಟೀರ್ (ಚಕ್ರ ಮೇಲೆ ಕೆಳಗೆ ಹೋದಾಗ ತಾನಾಗಿ ಪಕ್ಕಕ್ಕೆ ತಿರುಗುವುದು) ಅಲ್ವಾ? ರ‍್ಯಾಕ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರಗಳಿಗೆ ಜೋಡಿಸಿದ ಟೈ ರಾಡ್‌ಗಳನ್ನು ಅಡ್ಡಕ್ಕೆ ಸರಿಸುವ ಹಲ್ಲಿನ ದಂಡ) ಬೇರೆ ಕಾರಿನದು, ಅದರ ಒಳಗಿನ ಜಾಯಿಂಟ್‌ಗಳು ಕೆಳಗಿನ ಸಸ್ಪೆನ್ಷನ್ ಆರ್ಮ್ ತಿರುಗುವ ಪಿವಟ್‌ಗಿಂತ ಹೊರಗೆ ಬಂದಿವೆ. ಹಾಗಾಗಿ ಟೈ ರಾಡ್ ಮತ್ತು ಆರ್ಮ್ ಬೇರೆ ಬೇರೆ ಕಮಾನಿನಲ್ಲಿ ತಿರುಗುತ್ತಿವೆ ಅನ್ನಿಸುತ್ತದೆ.

ರ‍್ಯಾಕ್ ಕೆಳಗೆ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಎತ್ತರ ಬದಲಿಸಿದರೆ ಸಾಕೇ, ಅಥವಾ ಅಗಲ ಕಡಿಮೆ ಇರುವ ರ‍್ಯಾಕ್ ಹಾಕಲೇಬೇಕೇ? ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಈಗ 2 ಡಿಗ್ರಿ ಇದೆ. ಪವರ್ ಸ್ಟೀರಿಂಗ್ ಇಲ್ಲ. ಎಷ್ಟಕ್ಕೆ ಏರಿಸಿದರೆ ತಾನಾಗಿ ಮರಳುತ್ತದೆ, ಕೈಗೂ ಜಾಸ್ತಿ ಭಾರ ಆಗುವುದಿಲ್ಲ?

ಇನ್ನೊಂದು. ಸ್ಟೀರಿಂಗ್ ಒಂದು ಸುತ್ತು ತಿರುಗಿಸಿದರೆ ಎರಡು ಕಡೆ ಬಿಗಿ, ಎರಡು ಕಡೆ ಸಡಿಲ. ಸ್ಟೀರಿಂಗ್ ಕಾಲಂ (ಸ್ಟೀರಿಂಗ್‌ನಿಂದ ಕೆಳಗೆ ಬರುವ ದಂಡ) ಬಿಚ್ಚಿದಾಗ ರ‍್ಯಾಕ್ ಸಲೀಸಾಗಿ ಓಡುತ್ತದೆ. ಕಾಲಂನ ಎರಡು ಯುಜೆಗಳ (ಯೂನಿವರ್ಸಲ್ ಜಾಯಿಂಟ್, ಓರೆಯಾಗಿ ಸೇರುವ ದಂಡಗಳ ಕೀಲು) ಫೇಸ್, ಅಂದರೆ ಒಂದಕ್ಕೊಂದು ಹೊಂದಿಸಿದ ಕೋನ, ತಪ್ಪಿರಬಹುದೇ?

ಇದೆಲ್ಲ ಸರಿಯಾಗುವ ತನಕ ಕಾರು ಹೊರಗೆ ತೆಗೆಯುವುದಿಲ್ಲ. ಅಳತೆ ಮಾಡಿ ಸರಿಪಡಿಸಿದವರು ದಯವಿಟ್ಟು ತಿಳಿಸಿ.