ದಿಲ್ಲಿ ಚಳಿಯಲ್ಲಿ ಪಿಸ್ತೂಲ್ ಶೂಟಿಂಗಿಗೆ ಎಂಥ ಗ್ಲೌಸ್ ತಗೊಳ್ಳೋದು?

ತೋಟದಮನೆ_ಸಿರ್ಸಿ

ಎಲ್ರಿಗೂ ನಮಸ್ಕಾರ. ನಮ್ಮ ಕೂಸು ಬೆಂಗಳೂರಲ್ಲಿ ಕಾಲೇಜು ಓದ್ತಾ ಪಿಸ್ತೂಲ್ ಶೂಟಿಂಗ್ ಮಾಡ್ತಾಳೆ, ಮೊದ್ಲು 10 ಮೀಟರ್ ಏರ್ ಪಿಸ್ತೂಲ್ ಒಂದೇ ಇತ್ತು, ಈಗ 25 ಮೀಟರ್ .22 (ಸಣ್ಣ ಗುಂಡಿನ ಪಿಸ್ತೂಲ್) ಕೂಡ ಶುರು ಮಾಡಿದಾಳೆ. ಜನವರೀಲಿ ದಿಲ್ಲಿಗೆ ಹೋಗೋದಿದೆ, ತುಘಲಕಾಬಾದಿನ ಕರ್ಣಿ ಸಿಂಗ್ ರೇಂಜಿಗೆ. ಏರ್ ಪಿಸ್ತೂಲ್ ಹಾಲ್ ಒಳಗೇ ಆಗ್ತದೆ, ಅದರ ಚಿಂತೆ ಇಲ್ಲ. 25 ಮೀಟರ್ ಅಂದ್ರೆ ತಲೆ ಮೇಲೆ ಸೂರು ಇದ್ರೂ ಮುಂದೆ ಬಯಲು, ಬೆಳಿಗ್ಗೆ ಮಂಜು ಬಿದ್ದಿರೋ ಹೊತ್ತಲ್ಲಿ ಡಿಟೇಲ್ (ಹೊಡೆಯೋ ಸರದಿ) ಬಂದ್ರೆ ಬೆರಳು ಮರಗಟ್ಟಿ ಹೋಗ್ತದೆ ಅಂತ ಈಗ್ಲೇ ಹೆದರಿದಾಳೆ. ಸಿರ್ಸಿ ಚಳಿ ನಮಗೆ ಗೊತ್ತು ಆದ್ರೆ ಬಿಸಿಲು ಬಿದ್ರೆ ಮುಗೀತು, ದಿಲ್ಲೀಲಿ ಹಾಗಲ್ಲ, ಇಡೀ ದಿನ ಸೂರ್ಯನೇ ಕಾಣದ ದಿನಾನೂ ಇರ್ತದೆ.

ಸಿರ್ಸಿ ಪ್ಯಾಟೇಲಿ ಕೇಳಿದ್ರೆ ಬೈಕ್ ಗ್ಲೌಸ್ ತೋರಿಸ್ತಾರೆ, ಅಂಗೈಲಿ ದಪ್ಪ ಫೋಮ್ ಇರ್ತದಲ್ಲ ಅದು. ಮುಂಡಗೋಡ ಟಿಬೆಟಿಯನ್ ಕ್ಯಾಂಪಲ್ಲಿ ಉಣ್ಣೆದು ಚೊಲೋ ಸಿಗ್ತದೆ ಅಂದ್ರು ಒಬ್ರು. ನಮ್ಮನೇಲಿ ಹೇಳೋದು ಎಂತ ಅಂದ್ರೆ, ಅಡಿಕೆ ಸುಲಿಯುವಾಗ ಬೆರಳಿಗೆ ಬಟ್ಟೆ ಸುತ್ತಿಕೊಳ್ಳೋ ಹಾಗೆ ಬೇಕಾದ ಬೆರಳಿಗೆ ಮಾತ್ರ ಏನಾದ್ರೂ ಹಾಕಿದ್ರೆ ಸಾಕಲ್ದಾ ಅಂತ. ಗೊತ್ತಿದ್ದವ್ರು ದಯವಿಟ್ಟು ಹೇಳಿ, ದುಡ್ಡು ಸ್ವಲ್ಪ ಹೆಚ್ಚಾದ್ರೂ ತೊಂದ್ರೆ ಇಲ್ಲ.

ಸಿದ್ದಾಪುರ_ಮಿನ್ನೆಸೋಟಾ

ಹೆಗಡೇರೆ, ನಾನಿರೋದು ಮಿನ್ನೆಸೋಟಾ, ಇಲ್ಲಿ ಜನವರೀಲಿ ಸೊನ್ನೆಗಿಂತ 15-20 ಡಿಗ್ರಿ ಕೆಳಗೆ ಹೋಗೋದು ಮಾಮೂಲಿ, ಹೊರಗಿನ ರೇಂಜಲ್ಲಿ 9 ಎಂಎಂ ಪಿಸ್ತೂಲ್ ಹೊಡೀತೇನೆ. ನನ್ನ ಅನುಭವದಲ್ಲಿ ದಪ್ಪ ಗ್ಲೌಸ್ ಬೆಚ್ಚಗೆ ಇರ್ತದೆ ಆದ್ರೆ ಪಿಸ್ತೂಲಿಗೆ ಕೆಲಸಕ್ಕೆ ಬರೋದಿಲ್ಲ. ಎಂತಕ್ಕೆ ಅಂದ್ರೆ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಒಳಗಿರೋ ಜಾಗ ಸಣ್ಣದು, ಬೆರಳಿನ ಮೇಲೆ ಉಣ್ಣೆ ಪದರ ಬಂದ್ರೆ ಬೆರಳು ಟ್ರಿಗರ್ ಮುಟ್ಟಿದ್ದು ಗೊತ್ತಾಗೋ ಮುಂಚೆಯೇ ಒತ್ತಡ ಬಿದ್ದಿರ್ತದೆ, ಹೊಡೆದ ಮೇಲೆ ಟ್ರಿಗರ್ ಪೂರ್ತಿ ಮುಂದೆ ವಾಪಸ್ ಬರೋದಕ್ಕೂ ಗ್ಲೌಸೇ ಅಡ್ಡ ಬರ್ತದೆ. ರಿವಾಲ್ವರಲ್ಲಿ ಇದು ಇನ್ನೂ ಜಾಸ್ತಿ.

ಇಲ್ಲಿ ಹೆಚ್ಚಿನವ್ರು ಹಾಕೋದು ತೆಳ್ಳಗಿನ ಚರ್ಮದ್ದು, ಆಡಿನ ಚರ್ಮ ಇಲ್ಲಾ ಜಿಂಕೆ ಚರ್ಮದ್ದು, ಒಳಗೆ ಲೈನಿಂಗ್ ಇಲ್ಲದ್ದು ಅಥವಾ ತೀರಾ ತೆಳ್ಳಗಿನ ಮೆರಿನೊ ಉಣ್ಣೆದು. ಸೈಜ್ ಬಿಗಿಯಾಗಿ ಕೂರ್ಬೇಕು, ಬೆರಳ ತುದೀಲಿ ಖಾಲಿ ಜಾಗ ಉಳೀಬಾರ್ದು, ಅಲ್ಲೇ ಮಡಚಿಕೊಂಡು ಟ್ರಿಗರಿಗೆ ಸಿಕ್ಕಿಹಾಕ್ಕೊಳ್ಳೋದು. ತಗೊಳ್ಳುವಾಗ ತೋರುಬೆರಳಿನ ಹೊಲಿಗೆ ನೋಡಿ. ಬೆರಳ ತುದೀಲಿ ಅಡ್ಡ ಹೊಲಿಗೆ ಇದ್ರೆ ಸರಿಯಾಗಿ ಟ್ರಿಗರ್ ಮೇಲೇ ಅದು ಬಂದು ಕೂರ್ತದೆ, ಹೊಲಿಗೆ ಪಕ್ಕಕ್ಕೆ ಇದ್ದಿದ್ದೇ ಬೇಕು. ಹತ್ತಿದ್ದು ಬೇಡವೇ ಬೇಡ, ಬೆವರು ಹೀರಿಕೊಂಡು ಒದ್ದೆ ಆಗ್ತದೆ, ಆಮೇಲೆ ಅದೇ ಕೈ ತಣ್ಣಗೆ ಮಾಡ್ತದೆ. ಬೈಕ್ ಗ್ಲೌಸ್ ಅಂತೂ ಬಿಟ್ಬಿಡಿ, ಅಂಗೈ ಫೋಮ್ ಗ್ರಿಪ್ಪನ್ನೇ ಮರೆಸಿಬಿಡ್ತದೆ.

ಆಮೇಲೆ ಹ್ಯಾಂಡ್ ವಾರ್ಮರ್ ಪ್ಯಾಕೆಟ್ ಸಿಗ್ತದೆ, ಆನ್‌ಲೈನಲ್ಲಿ ಅಲ್ಲೂ ಸಿಗ್ತದೆ. ಒಳಗೆ ಕಬ್ಬಿಣದ ಪುಡಿ, ಇದ್ದಿಲು, ಉಪ್ಪು ಇರ್ತದೆ, ಕವರ್ ಹರಿದ್ರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡೀತಾ ಬಿಸಿ ಬಿಡ್ತದೆ, ಗಂಟೆಗಟ್ಲೆ ಇರ್ತದೆ. ಜೇಬಲ್ಲಿ ಇಟ್ಕೊಳ್ಳಿ ಸಾಕು, ಬರೀ ಚರ್ಮಕ್ಕೆ ಒತ್ತಿಕೊಂಡು ಕೂರ್ಬೇಡಿ ಸುಡ್ತದೆ.

ಸದಾಶಿವಗಡದವ

ಕಾರವಾರದಿಂದ. ಮೇಲಿನವ್ರು ಹೇಳಿದ್ದು ಸರಿ ಇದೆ, ಒಂದು ಮಾತು ಸೇರಿಸ್ತೇನೆ. ನಾನು ಫೌಜಲ್ಲಿ ಇದ್ದಾಗ ಲಡಾಖಲ್ಲಿ ಡ್ಯೂಟಿ ಆಗಿದೆ, ಅಲ್ಲಿ ಬರೀ ಕೈಲಿ ಕಬ್ಬಿಣ ಮುಟ್ಟಿದ್ರೆ ಚರ್ಮ ಅಂಟಿಕೊಳ್ಳೋ ಚಳಿ, ಅದಕ್ಕೇ ಒಳಗೊಂದು ತೆಳ್ಳಗಿನ ಗ್ಲೌಸು ಹೊರಗೊಂದು ದಪ್ಪದ್ದು ಅಂತ ಎರಡು ಪದರ ಹಾಕ್ತಿದ್ವಿ, ಕೆಲಸದ ಹೊತ್ತಿಗೆ ದಪ್ಪದ್ದು ತೆಗೀತಿದ್ವಿ. ದಿಲ್ಲಿ ಅಷ್ಟಿಲ್ಲ, ಅಲ್ಲಿ ಬೆಳಗಿನ ಜಾವ 4-5 ಡಿಗ್ರಿ ಅಂದ್ರೇ ಜಾಸ್ತಿ ಚಳಿ. ಹಾಗಾಗಿ ಅಂಟಿಕೊಳ್ಳೋ ಭಯ ಇಲ್ಲ, ಬೆರಳಿನ ಸೂಕ್ಷ್ಮ ಹೋಗೋದೇ ಸಮಸ್ಯೆ. ಕೈ ಚರ್ಮದ ಬಿಸಿ ಸುಮಾರು 15 ಡಿಗ್ರಿಗಿಂತ ಕೆಳಗೆ ಇಳೀತು ಅಂದ್ರೆ ಬೆರಳು ಹೇಳಿದ ಮಾತು ಕೇಳೋದು ಕಮ್ಮಿ ಆಗ್ತದೆ.

ಕೈ ತಣ್ಣಗಾಗೋದಕ್ಕೆ ಕೈ ಒಂದೇ ಕಾರಣ ಅಲ್ಲ ಅನ್ನೋದು ಜನ ಮರೀತಾರೆ. ಎದೆ, ಕುತ್ತಿಗೆ, ತಲೆ ತಣ್ಣಗಾದ್ರೆ ಶರೀರ ಮೊದ್ಲು ಬೆರಳಿಗೆ ಹೋಗೋ ರಕ್ತಾನೇ ಕಡಿಮೆ ಮಾಡ್ತದೆ. ಟೊಪ್ಪಿ, ಮಫ್ಲರ್, ಒಳಗೊಂದು ಥರ್ಮಲ್, ಕಾಲಿಗೆ ಉಣ್ಣೆ ಸಾಕ್ಸ್, ಇಷ್ಟು ಸರಿ ಇದ್ರೆ ಗ್ಲೌಸಿನ ಅರ್ಧ ಕೆಲಸ ಆಯ್ತು.

ಇನ್ನೊಂದು, ಇದನ್ನ ಮಾತ್ರ ಮಗಳಿಗೆ ಗಟ್ಟಿಯಾಗಿ ಹೇಳಿ. ಗ್ಲೌಸ್ ಹಾಕೋದು ತೆಗೆಯೋದು ಏನೇ ಇದ್ರೂ ಪಿಸ್ತೂಲ್ ಖಾಲಿ ಮಾಡಿ, ಒಳಗೆ ಗುಂಡಿಲ್ಲ ಅಂತ ತೋರಿಸೋ ಸೇಫ್ಟಿ ಫ್ಲಾಗ್ ಹಾಕಿ, ಬೆಂಚ್ ಮೇಲೆ ಇಟ್ಟ ಮೇಲೇ. ಒಂದು ಕೈಲಿ ಲೋಡ್ ಆದ ಪಿಸ್ತೂಲು, ಇನ್ನೊಂದರಲ್ಲಿ ಹಲ್ಲಿಂದ ಗ್ಲೌಸ್ ಎಳೆಯೋದು ನಾನು ಕಣ್ಣಾರೆ ನೋಡಿದೇನೆ, ಅಂಥವ್ರ ಪಕ್ಕ ನಿಲ್ಲೋದಕ್ಕೂ ಹೆದರಿಕೆ ಆಗ್ತದೆ.

ಕುಮಟಾ_25ಮೀ

ಅಂಕಲ್, ನಾನೂ 25 ಮೀಟರ್ ಹೊಡೆಯೋಳು, ಚಳಿಗಾಲದಲ್ಲಿ ಉತ್ತರದ ಕಡೆ ಹೋಗಿ ಹೊಡ್ದಿದೇನೆ, ಹಾಗಾಗಿ ನೇರವಾಗಿ ಹೇಳ್ತೇನೆ, ಹೊಡೆಯೋ ಕೈಗೆ ಗ್ಲೌಸ್ ಹುಡುಕೋದು ಬಿಡಿ. ಮಿನ್ನೆಸೋಟಾದವ್ರು ಹೇಳಿದ್ದು ಎರಡು ಕೈಲಿ ಹಿಡಿಯೋ ಮಾಮೂಲಿ ಪಿಸ್ತೂಲಿಗೆ ಸರಿ. ನಿಮ್ಮ ಮಗಳ ಟಾರ್ಗೆಟ್ ಪಿಸ್ತೂಲಿಗೆ ಮರದ ಗ್ರಿಪ್ ಇರ್ತದಲ್ಲ, ಅದನ್ನ ಅವಳ ಅಂಗೈ ಆಕಾರಕ್ಕೇ ಉಜ್ಜಿ ಪುಟ್ಟಿ ಹಚ್ಚಿ ಕೂರಿಸಿರ್ತಾರೆ, ಒಂದು ಮಿಲಿಮೀಟರ್ ಚರ್ಮ ಮಧ್ಯೆ ಬಂದ್ರೂ ಕೈ ಬೇರೆ ಕಡೆ ಕೂರ್ತದೆ, ಪಿಸ್ತೂಲ್ ಎತ್ತಿದ ಕೂಡ್ಲೇ ಸೈಟ್ (ಗುರಿ ನೋಡೋ ಕಿಂಡಿ) ಪಕ್ಕಕ್ಕೆ ಕಾಣ್ತದೆ. ಟ್ರಿಗರ್ ತೂಕ 25 ಮೀಟರಿಗೆ ಕನಿಷ್ಠ 1000 ಗ್ರಾಂ, ಏರ್ ಪಿಸ್ತೂಲಿಗೆ 500 ಗ್ರಾಂ, ಅಷ್ಟು ಹಗುರದ್ದನ್ನ ಬರೀ ಬೆರಳ ಚರ್ಮವೇ ಓದ್ಬೇಕು. ಬೆರಳಿಗೆ ಬಟ್ಟೆ ಸುತ್ತೋದೂ ಅದಕ್ಕೇ ಬೇಡ, ಆಂಟಿಗೆ ಹೇಳಿ.

ಬದಲಿಗೆ ನಾನು ಮಾಡೋದು: ಮುಂಡಗೋಡದ ಉಣ್ಣೆ ಗ್ಲೌಸೇ ತರಿಸಿ, ಆದ್ರೆ ಬೆರಳು ಬೇರೆ ಬೇರೆ ಇರೋದಲ್ಲ, ನಾಲ್ಕೂ ಬೆರಳು ಒಟ್ಟಿಗೆ ಒಂದೇ ಚೀಲದಲ್ಲಿ ಇರೋ ಮಿಟನ್, ಎರಡು ಸೈಜ್ ದೊಡ್ಡದು. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿದ್ರೆ ಬೇಗ ಬಿಸಿ ಆಗ್ತವೆ, ದೊಡ್ಡದಿದ್ರೆ ಒಳಗೆ ವಾರ್ಮರ್ ಪ್ಯಾಕೆಟ್ಟೂ ಹಿಡೀತದೆ, ಒಂದೇ ಎಳೆತಕ್ಕೆ ಬರ್ತದೆ. 25 ಮೀಟರಿನ ಮೊದಲ ಭಾಗ, ನಿಧಾನಕ್ಕೆ ಹೊಡೆಯೋ ಪ್ರಿಸಿಷನ್‌ನಲ್ಲಿ 5 ಗುಂಡಿಗೆ 5 ನಿಮಿಷ ಇರ್ತದೆ, ಆ 5 ಗುಂಡಿನ ಸೀರೀಸ್ ಮುಗಿದ ಕೂಡ್ಲೇ ಪಿಸ್ತೂಲ್ ಕೆಳಗಿಟ್ಟು ಕೈ ಮಿಟನ್ ಒಳಗೆ. ರ್‍ಯಾಪಿಡಲ್ಲಿ ಸೀರೀಸ್ ನಡುವೆ ಮಾತ್ರ ಸಾಧ್ಯ, ಅಲ್ಲಿ ಪ್ರತಿ ಗುಂಡಿಗೂ 7 ಸೆಕೆಂಡ್ ಕೈ 45 ಡಿಗ್ರಿ ಇಳಿಸಿ ಕಾಯೋದು 3 ಸೆಕೆಂಡಲ್ಲಿ ಎತ್ತಿ ಹೊಡೆಯೋದು, ಮಧ್ಯೆ ಏನೂ ಮಾಡೋಕಾಗಲ್ಲ. ಕೈ ಬೆಚ್ಚಗಿರ್ಬೇಕು, ಬೆವರ್‍ಬಾರ್ದು, ಬೆವರಿದ್ರೆ ಗ್ರಿಪ್ ಜಾರ್ತದೆ, ಹಾಗೇನಾದ್ರೂ ಅನ್ನಿಸಿದ್ರೆ ವಾರ್ಮರ್ ತೆಗೆದು ಬರೀ ಮಿಟನ್ ಹಾಕ್ಕೊಳ್ಳಲಿ. ನಾವು ಒಂದೇ ಕೈಲಿ ಹೊಡೆಯೋದ್ರಿಂದ ಇನ್ನೊಂದು ಕೈ ಹೇಗೂ ಜೇಬಲ್ಲೇ ಇರ್ತದೆ, ಅದಕ್ಕೆ ಯಾವ ಗ್ಲೌಸ್ ಆದ್ರೂ ನಡೀತದೆ.

ಮಣಿಕಟ್ಟು ಬೆಚ್ಚಗಿಡೋಕೆ ಉಣ್ಣೆ ಪಟ್ಟಿ ಹಾಕೋರಿದಾರೆ, ಪ್ರಾಕ್ಟೀಸ್ ಮುಂಚೆ ಓಕೆ, ಆದ್ರೆ ಮ್ಯಾಚಲ್ಲಿ ಹೊಡೆಯೋ ಕೈಗೆ ರಿಸ್ಟ್ ಬ್ಯಾಂಡ್, ವಾಚು, ಬಳೆ ಯಾವ್ದೂ ಇರೋ ಹಾಗಿಲ್ಲ, ಲೈನಿಗೆ ಹೋಗೋ ಮುಂಚೆ ತೆಗೀಲೇಬೇಕು. ಸ್ವೆಟರ್ ತೋಳೂ ಮಣಿಕಟ್ಟಿನ ಮೇಲೆ ಬಿಗಿಯಾಗಿ ಬರದ ಹಾಗೆ ನೋಡ್ಕೊಳ್ಳಿ.

ತೋಟದಮನೆ_ಸಿರ್ಸಿ

ತುಂಬಾ ಉಪಕಾರ ಆಯ್ತು ತಂಗಿ, ಇದು ನಮಗೆ ಹೊಳೆದೇ ಇರ್ಲಿಲ್ಲ. ಮಿಟನ್ ಹೇಳಿ ಕಳಿಸ್ತೇನೆ. ಪಿಸ್ತೂಲಿನ ಗುಂಡುಗಳಿಗೆ ಚಳಿಯಿಂದ ಏನಾದ್ರೂ ಆಗ್ತದಾ? ಬಾಕ್ಸ್ ಬ್ಯಾಗಲ್ಲೇ ಹೊರಗೆ ಇರ್ತದೆ.

ಕುಮಟಾ_25ಮೀ

ಆಗ್ತದೆ ಅಂಕಲ್, .22 ಗುಂಡಿನ ಸೀಸದ ಮೇಲೆ ಮೇಣದ ಥರ ಲೂಬ್ರಿಕೆಂಟ್ ಇರ್ತದೆ, ಚಳಿಗೆ ಅದು ಗಟ್ಟಿ ಆಗ್ತದೆ. ಬಾಕ್ಸನ್ನ ರಾತ್ರಿ ರೂಮ್ ಒಳಗೇ ಇಟ್ಟು ಬೆಳಿಗ್ಗೆ ಜಾಕೆಟ್ ಒಳಜೇಬಲ್ಲಿ ಹಾಕ್ಕೊಂಡು ಹೋಗಲಿ, ಆದ್ರೆ ವಾರ್ಮರ್ ಜೊತೆ ಒಂದೇ ಜೇಬಲ್ಲಿ ಬೇಡ. ಹೊಡೆದ ಕೈ ಮತ್ತೆ ಮತ್ತೆ ಮಿಟನ್ ಒಳಗೆ ಹೋಗೋದ್ರಿಂದ ಸೀಸದ ಪುಡಿ ಅಲ್ಲೂ ಅಂಟ್ತದೆ, ಆ ಮಿಟನ್ ಹಾಕ್ಕೊಂಡು ಚಹಾ ತಿಂಡಿ ಮುಟ್ಟಬಾರ್ದು, ಊಟದ ಮುಂಚೆ ಸೋಪ್ ಹಚ್ಚಿ ಕೈ ತೊಳೀಲಿ, ಮಿಟನ್ನನ್ನ ಬೇರೆ ಬಟ್ಟೆ ಜೊತೆ ಒಗೀಬೇಡಿ.

ಈಗಿಂದ್ಲೇ ರೂಢಿ ಮಾಡ್ಲಿ, ಸಿರ್ಸಿಗೆ ಬಂದಾಗ ಬೆಳಿಗ್ಗೆ ಆರಕ್ಕೆ ಅಂಗಳದಲ್ಲಿ ನಿಂತು ಗೋಡೆ ನೋಡ್ಕೊಂಡು ಖಾಲಿ ಏರ್ ಪಿಸ್ತೂಲಲ್ಲಿ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಒತ್ತೋದು). ಐದು ಸಲ ಎತ್ತೋದು, ಇಡೋದು, ಮಿಟನ್, ಮತ್ತೆ ಐದು.

ಸದಾಶಿವಗಡದವ

ಅಂಗಳದಲ್ಲಿ ಅಂದ್ರೆ ಗೋಡೆ ಆಚೆ ದಾರಿ ಇರಬಾರ್ದು, ಮನೇವ್ರು ಯಾರೂ ಎದುರಿಗೆ ಓಡಾಡಬಾರ್ದು. ಪೆಲೆಟ್ (ಏರ್ ಪಿಸ್ತೂಲಿನ ಗುಂಡು) ಡಬ್ಬಿ ಮನೆ ಒಳಗೇ ಇರ್ಲಿ.