ಯೀಸ್ಟ್ ತಳಿವಿಜ್ಞಾನದ ತರಬೇತಿ: ಟೆಟ್ರಾಡ್ ಬಿಡಿಸುವುದನ್ನು ಈಗಲೂ ಕಲಿಯಬೇಕೇ?

ಪ್ರಶ್ನೆ
ನಾನು ಪಿಎಚ್‌.ಡಿ. ಮೊದಲ ವರ್ಷದ ವಿದ್ಯಾರ್ಥಿನಿ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ 1970ರಲ್ಲಿ ಆರಂಭವಾದ ಯೀಸ್ಟ್ ಕೋರ್ಸಿಗೆ ಅರ್ಜಿ ಹಾಕಬೇಕೆಂದಿದ್ದೇನೆ. ಇಡೀ ಜೀನೋಮನ್ನೇ (ಜೀವಿಯ ಪೂರ್ಣ ಡಿಎನ್‌ಎ) ಓದಬಹುದಾದ ಈ ಕಾಲದಲ್ಲಿ ಸೂಕ್ಷ್ಮದರ್ಶಕದಡಿ ಟೆಟ್ರಾಡ್ (ಒಂದೇ ಯೀಸ್ಟ್ ಕೋಶದಿಂದ ಹುಟ್ಟಿದ ನಾಲ್ಕು ಸ್ಪೋರ್‌ಗಳ, ಅಂದರೆ ಬೀಜಕಗಳ, ಗುಂಪು) ಬಿಡಿಸುವ ಅಭ್ಯಾಸದಿಂದ ಪ್ರಯೋಜನವಿದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1
ಖಂಡಿತ ಇದೆ. ಪೋಷಕಾಂಶ ಕಡಿಮೆಯಿರುವ ಮಾಧ್ಯಮದಲ್ಲಿ ಡಿಪ್ಲಾಯ್ಡ್ ಕೋಶವು (ಪ್ರತಿ ವರ್ಣತಂತುವಿನ ಎರಡು ಪ್ರತಿಗಳಿರುವ ಕೋಶ) ಮಿಯೋಸಿಸ್‌ಗೆ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶವಿಭಜನೆ) ಒಳಗಾಗಿ ನಾಲ್ಕು ಸ್ಪೋರ್‌ಗಳನ್ನು ಒಂದೇ ಚೀಲದಲ್ಲಿ ಕಟ್ಟಿಡುತ್ತದೆ. ಆ ಚೀಲದ ಗೋಡೆಯನ್ನು ಜೈಮೋಲೇಸ್ ಕಿಣ್ವದಿಂದ ಸಡಿಲಗೊಳಿಸಿ, ಕೂದಲೆಳೆಯಂಥ ಗಾಜಿನ ಸೂಜಿಯಿಂದ ಒಂದೊಂದನ್ನೂ ಅಗಾರ್ ಮೇಲೆ ಸಾಲಾಗಿ ಇಡಬೇಕು. ಕಿಣ್ವದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸ್ಪೋರ್‌ಗಳು ಚದುರಿ, ಯಾವುದು ಯಾವ ಚೀಲದ್ದೆಂದು ತಿಳಿಯುವುದೇ ಇಲ್ಲ. ಆ ಹದ ಕೈಗೆ ಬರುವುದು ಮಾಡಿದಾಗ ಮಾತ್ರ. ಎಡಿಇ2 ಜೀನ್ ಕೆಟ್ಟು ಕೆಂಪು ಬಣ್ಣ ಕಟ್ಟುವ ತಳಿಯನ್ನು ಸಾಮಾನ್ಯ ತಳಿಯೊಂದಿಗೆ ಕೂಡಿಸಿದ್ದರೆ, ಕೆಲವು ದಿನಗಳಲ್ಲಿ ಪ್ರತಿ ಸಾಲಿನಲ್ಲೂ ಎರಡು ಕೆಂಪು, ಎರಡು ಬಿಳಿ ಕಾಲೊನಿಗಳು ಎದ್ದು ಕಾಣುತ್ತವೆ. ಜೀನಿನ ಎರಡು ರೂಪಗಳು ಸಮವಾಗಿ ಬೇರ್ಪಡುತ್ತವೆ ಎಂಬ ಮೆಂಡೆಲ್ ನಿಯಮವನ್ನು ಇಷ್ಟು ನೇರವಾಗಿ ಕಣ್ಣಿಗೆ ಕಾಣಿಸುವ ಪ್ರಯೋಗ ನನಗೆ ಬೇರೆ ಗೊತ್ತಿಲ್ಲ.

ಉತ್ತರ 2
ಜೀನೋಮಿಕ್ಸ್ ಇದಕ್ಕೆ ಬದಲಿಯಲ್ಲ, ಜೊತೆಗಾರ. ಪ್ರಯೋಗಾಲಯದಲ್ಲಿ ಬಳಸುವ ಈ ಯೀಸ್ಟಿನ (ಸ್ಯಾಕರೊಮೈಸಿಸ್ ಸೆರೆವಿಸಿಯೇ) 16 ವರ್ಣತಂತುಗಳ, ಸುಮಾರು 6,000 ಜೀನ್‌ಗಳ ಪೂರ್ಣ ಅನುಕ್ರಮ 1996ರಲ್ಲೇ ಸಿಕ್ಕಿತು. ಆದರೂ ರೂಪಾಂತರಿತ ತಳಿಯೊಂದನ್ನು ಸೀಕ್ವೆನ್ಸ್ ಮಾಡಿದಾಗ ಹತ್ತಾರು ಬದಲಾವಣೆಗಳು ಸಿಗಬಹುದು. ಅವುಗಳಲ್ಲಿ ಯಾವುದು ನಿಮ್ಮ ಗುಣಲಕ್ಷಣದ ಜೊತೆಗೇ ಸಾಗುತ್ತದೆ ಎಂಬುದನ್ನು ಟೆಟ್ರಾಡ್‌ಗಳು ತೋರಿಸುತ್ತವೆ.

ಉತ್ತರ 3
ಹೋಗುವ ಮೊದಲೇ ಅಭ್ಯಾಸ ಮಾಡುವುದಾದರೆ ಬೇಕರಿಯ ಯೀಸ್ಟನ್ನು ಬಳಸಬೇಡಿ. ಅಂಥ ಹಲವು ತಳಿಗಳು ಸರಿಯಾಗಿ ಸ್ಪೋರ್ ಕಟ್ಟುವುದಿಲ್ಲ. ಹತ್ತಿರದ ಯೀಸ್ಟ್ ಪ್ರಯೋಗಾಲಯದಲ್ಲಿ ಡಿಪ್ಲಾಯ್ಡ್ ತಳಿಯೊಂದನ್ನು ಕೇಳಿ ಪಡೆಯಿರಿ.